ಎರಡು ಕೈಯ ಆಟ

ನಮ್ಮ ಅಪ್ಪ ಡ್ರಿಲ್ ಮೇಷ್ಟ್ರು. ಆಗಿದ್ದರು ಎನ್ನಬೇಕು, ಆದರೆ ಅವರ ಸೀಟಿಗೆ ಇನ್ನೂ ನಿವೃತ್ತಿ ಆಗಿಲ್ಲ. ಎಡಗೈ ಎಡಗಾಲು ಸ್ವಾಧೀನ ತಪ್ಪಿ ಮಂಚ ಹಿಡಿದ ಮೇಲೆ ಆ ಸೀಟಿಯೇ ನನ್ನ ಹೆಸರಾಯಿತು. ಒಂದು ಸಲ ಊದಿದರೆ ನೀರು, ಎರಡು ಸಲ ಊದಿದರೆ ಬೆಡ್‌ಪ್ಯಾನ್, ಎಳೆದು ಊದಿದರೆ ಸುಮ್ಮನೆ ಬಾ ಎಂದು. ಈ ಮೂರನೆಯದಕ್ಕೆ ಕಾರಣ ಕೇಳಬಾರದು. ಬಾಯಿಯ ಎಡತುದಿ ಸೋತಿರುವುದರಿಂದ ಅರ್ಧ ಗಾಳಿ ಸೋರಿಹೋಗುತ್ತದೆ, ಆದರೂ ಬೀದಿಯ ಕೊನೆಯವರೆಗೆ ಕೇಳುತ್ತದೆ. ನಾನು ದಿನಸಿ ಅಂಗಡಿಯಲ್ಲಿ ನಿಂತಿದ್ದರೆ ಅಂಗಡಿಯವನೇ, "ಹೊರಡಿ ಅಕ್ಕ, ನಿಮ್ಮ ಗಾಡಿ ಬಿಡೋ ಹೊತ್ತಾಯ್ತು" ಎನ್ನುತ್ತಾನೆ.

ನಮ್ಮದು ಎರಡು ಕೋಣೆಯ ಮನೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಹಿಂದಿನದರಲ್ಲಿ ಅಪ್ಪನ ಮಂಚ, ನಡುವೆ ಒಂದು ಪರದೆ. ನಾನು ಹೊಸ ಬಟ್ಟೆ ಹೊಲಿಯುವುದಿಲ್ಲ, ಬರೀ ರಿಪೇರಿ. ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು. ಸೀಟಿ ಕೇಳಿದ ಕೂಡಲೇ ನಡುವೆ ಬಿಟ್ಟು ಎದ್ದರೂ ಕೆಡದ ಕೆಲಸ. ಅಣ್ಣ ದೂರದ ಊರಿನಲ್ಲಿದ್ದಾನೆ. ಅವನೂ ಅಪ್ಪನ ಸೇವೆ ಮಾಡುತ್ತಾನೆ, ಫೋನಿನಲ್ಲಿ. "ಅವರಿಗೆ ಬೇಜಾರಾಗದ ಹಾಗೆ ನೋಡ್ಕೋ" ಎನ್ನುತ್ತಾನೆ. ನನ್ನ ಬೇಜಾರಿನ ಮಾತು ಬಂದಾಗ ಅವನ ಕಡೆ ಸಿಗ್ನಲ್ ಹೋಗಿಬಿಡುತ್ತದೆ.

ಮೊದಲ ಬುಗುರಿ ಬಂದದ್ದು ಒಂದು ಪ್ಯಾಂಟಿನ ಜೇಬಿನಲ್ಲಿ. ಪ್ಯಾಂಟು ಬ್ಯಾಂಕಿನ ಗುಮಾಸ್ತರದು. ಅವರ ಸೊಂಟ ವರ್ಷ ವರ್ಷ ಬೆಳೆಯುತ್ತದೆ, ನಾನು ವರ್ಷ ವರ್ಷ ಬಿಡಿಸುತ್ತೇನೆ. ಬಟ್ಟೆಗೆ ಕೈ ಹಾಕುವ ಮೊದಲು ಜೇಬು ನೋಡುವುದು ನಮ್ಮ ಕಸುಬಿನ ಅಭ್ಯಾಸ. ಸಿಕ್ಕಿದ್ದು ನಾವು ಚಿಕ್ಕಂದಿನಲ್ಲಿ ದಾರ ಸುತ್ತಿ ಬಿಡುತ್ತಿದ್ದ ಮರದ ಬುಗುರಿಯಲ್ಲ. ಮೇಲೆ ಹಲ್ಲು ಹಲ್ಲಾದ ಲೋಹದ ಬಳೆ, ಕೆಳಗೆ ಪ್ಲಾಸ್ಟಿಕ್ಕಿನ ಮೊನೆ, ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಇನ್ನೊಂದು ಜೇಬಿನಲ್ಲಿ ಅದನ್ನು ಬಿಡುವ ಲಾಂಚರ್ ಇತ್ತು. ಬುಗುರಿಯನ್ನು ಅದಕ್ಕೆ ಕಚ್ಚಿಸಿ, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಹಲ್ಲಿನ ಪಟ್ಟಿಯನ್ನು ಎಳೆಯಬೇಕು. ಎಳೆದೆ. ಅದು ಜರ್ರೆಂದು ನೆಲಕ್ಕೆ ಹಾರಿ, ಮಷಿನ್ನಿನ ಕಾಲಿಗೆ ಗುದ್ದಿ, ಬಾಗಿಲವರೆಗೆ ಓಡಿ, ಹೊಸ್ತಿಲಿಗೆ ಬಡಿದು ತಿರುಗಿ ಬಂತು. ನನಗೆ ನಗು ಬಂತು. ಆ ಕೋಣೆಯಲ್ಲಿ ನಾನು ಒಬ್ಬಳೇ ನಕ್ಕು ಬಹಳ ಕಾಲವಾಗಿತ್ತು.

ಗುಮಾಸ್ತರು ಪ್ಯಾಂಟಿಗೆ ಬಂದಾಗ ಬುಗುರಿಯನ್ನು ಕೌಂಟರಿನ ಮೇಲಿಟ್ಟೆ. ಅವರ ಕಿವಿ ಕೆಂಪಾಯಿತು.

"ಅದು ಮಗಂದು" ಎಂದರು.

"ನಿಮಗೆ ಮದುವೆನೇ ಆಗಿಲ್ವಲ್ಲ ಸರ್."

"ಹ್ಞಾಂ. ಹಾಗಾದ್ರೆ ನಂದೇ ಇರ್ಬೇಕು."

ಆಮೇಲೆ ಅವರೇ ಎಲ್ಲ ಹೇಳಿದರು. ಔಷಧಿ ಅಂಗಡಿ ಪಕ್ಕದ ಆಟಿಕೆ ಅಂಗಡಿಯ ಹಿಂಭಾಗದಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡವರು ಸೇರುತ್ತಾರಂತೆ. ದುಂಡನೆಯ ಪ್ಲಾಸ್ಟಿಕ್ ಬೋಗುಣಿಯಲ್ಲಿ ಇಬ್ಬರೂ ಒಟ್ಟಿಗೆ ಬುಗುರಿ ಬಿಡಬೇಕು. ಹೊರಗೆ ಹಾರಿದ್ದು ಸೋತಿತು, ಮೊದಲು ಮಲಗಿದ್ದೂ ಸೋತಿತು. "ಬಸ್ಸಿನ ಡ್ರೈವರ್ ಬರ್ತಾರೆ, ಹಲ್ಲಿನ ಡಾಕ್ಟ್ರಮ್ಮ ಬರ್ತಾರೆ. ನೀವೂ ಬನ್ನಿ" ಎಂದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಉದ್ದನೆಯ ಸೀಟಿ ಬಂತು. ಗುಮಾಸ್ತರು ಪ್ಯಾಂಟು, ಬುಗುರಿ ಎರಡನ್ನೂ ತೆಗೆದುಕೊಂಡು ಹೊರಟರು.

ಆಟಿಕೆ ಅಂಗಡಿ ಔಷಧಿ ಅಂಗಡಿಗೆ ಅಂಟಿಕೊಂಡಿದ್ದದ್ದು ನನ್ನ ಪುಣ್ಯ. ಅಪ್ಪನ ರಕ್ತದೊತ್ತಡಕ್ಕೆ ಮಾತ್ರೆ, ನನ್ನದಕ್ಕೆ ಬುಗುರಿ. ಹೀಗೆ ಒಂದೊಂದಾಗಿ ಗುಂಡಿಗಳ ಡಬ್ಬದೊಳಗೆ ಸೇರಿದವು. ಅವಕ್ಕೆ ಹೆಸರಿಟ್ಟೆ. ಭಾರವಾಗಿ ನಡುವಿನಲ್ಲೇ ಕೂತು, ಹತ್ತಿರ ಬಂದವರನ್ನೆಲ್ಲ ಬೀಳಿಸುವುದು ಅತ್ತೆ. ಅಂಚಿನಲ್ಲೇ ಸುತ್ತಿ ಸುತ್ತಿ ಇದ್ದಕ್ಕಿದ್ದಂತೆ ಬಂದು ಕುಟ್ಟುವುದು ನಾದಿನಿ. ಜೋರಾಗಿ ಹೊರಟು ಬೇಗ ಸುಸ್ತಾಗುವವನು ಭಾವ. ಮದುವೆಯಾಗಿದ್ದರೆ ಇವರೆಲ್ಲ ಮನೆ ತುಂಬ ಇರುತ್ತಿದ್ದರು. ಆಗದೆ ಉಳಿದೆ, ಅದಕ್ಕೆ ಡಬ್ಬ ತುಂಬ ಇಟ್ಟುಕೊಂಡೆ.

ಇವು ನನಗೆ ಯಾಕೆ ಅಷ್ಟು ಹಿಡಿಸಿದವು ಎಂದು ಯೋಚಿಸಿದ್ದೇನೆ. ಮನೆಯಲ್ಲಿ ಟಿ.ವಿ.ಯ ರಿಮೋಟು ಅಪ್ಪನ ಬಲಗೈಯಲ್ಲಿ. ರೇಡಿಯೋ ಅವರ ತಲೆದಿಂಬಿನ ಪಕ್ಕ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ದೀಪ ಯಾವಾಗ ಆರಬೇಕು, ಸಾರಿಗೆ ಉಪ್ಪು ಎಷ್ಟು, ಎಲ್ಲ ಅವರ ಮಾತಿನಂತೆ. ಒಂದು ಕೈಗೆ ನಿಲುಕುವ ಸುಖವೆಲ್ಲ ಅವರದಾಗಿತ್ತು. ಬುಗುರಿಗೆ ಎರಡು ಕೈ ಬೇಕು. ಹಾಗಾಗಿ ಅದು ನನ್ನದು.

ಅಪ್ಪ ಮಧ್ಯಾಹ್ನ ಮಲಗಿದಾಗ ಬಾಣಲೆಯಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಅತ್ತೆ ಕುಟ್ಟಿದ ರಭಸಕ್ಕೆ ಭಾವ ಬಾಣಲೆಯಿಂದ ಜಿಗಿದು ಪರದೆಯ ಕೆಳಗೆ ನುಸುಳಿ ಹೋದ. ನಾನು ಹಿಂದೆಯೇ ಓಡಿದೆ. ಅಪ್ಪ ಎದ್ದಿದ್ದರು. ಮಂಚದ ಪಕ್ಕ ನೆಲದ ಮೇಲೆ ಬುಗುರಿ ನಿಂತಲ್ಲೇ ತಿರುಗುತ್ತಿತ್ತು. ಅವರು ಕತ್ತು ಹೊರಳಿಸಿ ಅದನ್ನೇ ನೋಡುತ್ತಿದ್ದರು. ಅದು ತೂಗಾಡಿ, ಸೋತು, ಪಕ್ಕಕ್ಕೆ ಬೀಳುವವರೆಗೂ ರೆಪ್ಪೆ ಹೊಡೆಯಲಿಲ್ಲ.

"ಇನ್ನೊಂದ್ಸಲ" ಎಂದರು.

ನನ್ನ ಗುಟ್ಟು ಹೊರಬಿತ್ತಲ್ಲ ಎನಿಸಿತು. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಸಂತೋಷವೂ ಆಯಿತು. ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ಆ ಕಳೆ ನೋಡಿರಲಿಲ್ಲ. ಅಗಲವಾದ ಬೋಗುಣಿ ತಂದೆ, ಅಪ್ಪ ಊಟಮಾಡುವ ಸಣ್ಣ ಮೇಜನ್ನು ಮಂಚಕ್ಕೆ ಅಡ್ಡ ಇಟ್ಟೆ, ಬಿಟ್ಟು ತೋರಿಸಿದೆ. ಎರಡು ದಿನ ನೋಡಿದರು. ಮೂರನೆಯ ದಿನ, "ನಾನು ಬಿಡ್ತೀನಿ" ಎಂದರು. ಲಾಂಚರನ್ನು ಬಲಗೈಯಲ್ಲಿ ಹಿಡಿದು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆಯಲು ನೋಡಿದರು. ಜೊಲ್ಲು ಸುರಿಯಿತೇ ಹೊರತು ಪಟ್ಟಿ ಅಲುಗಲಿಲ್ಲ. ಲಾಂಚರನ್ನು ಗೋಡೆಗೆ ಎಸೆದು ಮುಖ ತಿರುಗಿಸಿ ಮಲಗಿದರು.

ಅಲ್ಲಿಗೆ ಬಿಟ್ಟಿದ್ದರೆ ನನ್ನ ಆಟ ನನ್ನ ಬಳಿ ಉಳಿಯುತ್ತಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡೆ. ನನಗೊಂದು ಲೆಕ್ಕಾಚಾರ ಹೊಳೆಯಿತು. ಅಪ್ಪ ತಾವೇ ಆಡುವಂತಾದರೆ, ಮೇಲ್ಮನೆಯ ನರ್ಸಮ್ಮ ಒಂದು ಭಾನುವಾರ ಬಂದು ಕೂತರೆ, ನಾನು ಒಂದೇ ಒಂದು ಮಧ್ಯಾಹ್ನ ಆಟಿಕೆ ಅಂಗಡಿಗೆ ಹೋಗಿ ಆಡಿ ಬರಬಹುದು. ಮಷಿನ್ನಿನ ದೀಪವನ್ನು ಮೇಜಿಗೆ ಕಚ್ಚಿಸುವ ತಿರುಪಿನ ಹಿಡಿಯೊಂದಿತ್ತು. ದೀಪ ಬಿಚ್ಚಿಟ್ಟು ಅದಕ್ಕೆ ಲಾಂಚರ್ ಕಟ್ಟಿ, ಅಪ್ಪನ ಮೇಜಿನ ಅಂಚಿಗೆ ಬಿಗಿದೆ. ಟೇಪು ಹಿಡಿದು ಅಪ್ಪನ ಭುಜದಿಂದ ಮಣಿಕಟ್ಟಿನವರೆಗೆ, ಮೊಣಕೈ ಮಡಚಿದಾಗ, ಚಾಚಿದಾಗ, ಎಲ್ಲ ಅಳೆದೆ. ಎತ್ತರ ಒಂದು ನೂಲು ಹೆಚ್ಚಾಯಿತೆಂದು ಮತ್ತೆ ಬಿಚ್ಚಿ ಕಟ್ಟಿದೆ. ಕಸುಬಿನ ಜಂಬ ನೋಡಿ, ಅಳತೆ ಒಂದಿಷ್ಟು ತಪ್ಪಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೇಳಿ ಹೊಲಿಸಿದ ಹಾಗೆ ಅವರಿಗೆ ಸರಿಯಾಗಿ ಕೂತಿತು.

ಅಪ್ಪ ಬಲಗೈಯಿಂದ ಬುಗುರಿ ಕಚ್ಚಿಸಿ, ಬಲಗೈಯಿಂದಲೇ ಪಟ್ಟಿ ಎಳೆದರು. ಬೋಗುಣಿಯಲ್ಲಿ ಅತ್ತೆ ಗುಂಯ್ಯೆಂದಳು. ಅವರು ಗೆದ್ದ ತಂಡದ ಮೇಷ್ಟ್ರ ಹಾಗೆ ಎದೆ ಉಬ್ಬಿಸಿದರು.

ಅಂದಿನಿಂದ ಸೀಟಿಗೆ ನಾಲ್ಕನೆಯ ಅರ್ಥ ಹುಟ್ಟಿತು. ಹೊರಗೆ ಹಾರಿದ ಬುಗುರಿಯನ್ನು ಎತ್ತಿಕೊಡುವವರು ಯಾರು? ಬಿದ್ದದ್ದೆಲ್ಲ ಮಂಚದ ಕೆಳಗೇ ಹೋಗುತ್ತಿತ್ತು. ಎತ್ತಿಕೊಟ್ಟರೆ, "ಒಬ್ಬನೇ ಆಡೋಕೆ ಇದೇನು ಇಸ್ಪೀಟಾ? ನೀನೂ ಬಿಡು" ಎನ್ನುತ್ತಿದ್ದರು. ನಾನು ಬಿಡುತ್ತಿದ್ದೆ, ಕೈ ಸಡಿಲ ಮಾಡಿ, ಸೋಲುವ ಹಾಗೆ. ಅವರು ಗೆದ್ದರೆ ಬೇಗ ಸುಮ್ಮನಾಗುತ್ತಾರೆಂದು ನನ್ನ ಎಣಿಕೆ. ಸುಮ್ಮನಾಗಲಿಲ್ಲ. ಹೋದ್ಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವ ಹಾಗಾಯಿತು ನನ್ನ ಗತಿ. ಅತ್ತೆ ಗುಂಡಿಯ ಡಬ್ಬಕ್ಕೆ ವಾಪಸ್ಸು ಬರಲೇ ಇಲ್ಲ, ಅವರ ತಲೆದಿಂಬಿನ ಕೆಳಗೆ ಸೇರಿದಳು. ಪ್ಯಾಂಟುಗಳು ಮೂಲೆಯಲ್ಲಿ ರಾಶಿ ಬಿದ್ದವು.

ನರ್ಸಮ್ಮ ಮಾತ್ರ ಒಪ್ಪಿದರು. ಕೆಲಸದಲ್ಲಿದ್ದಾಗ ಇಡೀ ವಾರ್ಡನ್ನು ಗದರಿಸಿದವರು ಅವರು. ಅಪ್ಪನ ಮಡಚಿಕೊಂಡ ಎಡಮುಷ್ಟಿಯನ್ನು ದಿನ ಬೆಳಗ್ಗೆ ಬಿಸಿನೀರಿನಲ್ಲಿಟ್ಟು, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸುವುದನ್ನು ನನಗೆ ಕಲಿಸಿದವರೂ ಅವರೇ. "ಭಾನುವಾರ ನಾನು ಬಂದು ಕೂತ್ಕೋತೀನಿ. ನೀನು ಹೋಗು. ಇಲ್ದಿದ್ರೆ ಇನ್ನೊಂದು ಮಂಚ ಹಾಕ್ಬೇಕಾಗುತ್ತೆ ಇಲ್ಲಿ" ಎಂದರು.

ಭಾನುವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಯಾರೋ ಗಿರಾಕಿಯ ಹಾಗೆ ಕಂಡೆ. ನರ್ಸಮ್ಮ ವಾರಪತ್ರಿಕೆ ಹಿಡಿದು ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತರು. ನಾದಿನಿ, ಭಾವ ಎಲ್ಲ ಚೀಲಕ್ಕೆ ಹೋದವು. ಅತ್ತೆ ಬೇಕಿತ್ತು. ಅವಳಿಲ್ಲದೆ ಆಡಿದರೆ ಮೊದಲ ಸುತ್ತಿನಲ್ಲೇ ಮನೆಗೆ. ತಲೆದಿಂಬಿನ ಕೆಳಗೆ ಕೈ ಹಾಕಿದೆ, ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಬಲಮುಷ್ಟಿ ಎದೆಯ ಮೇಲಿತ್ತು. ಬೆರಳ ಸಂದಿಯಿಂದ ಲೋಹದ ಹಲ್ಲು ಕಾಣುತ್ತಿತ್ತು.

ಕಿರುಬೆರಳಿನಿಂದ ಶುರುಮಾಡಿದೆ. ಮೊದಲನೆಯದು ಬಿಟ್ಟಿತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಮುಚ್ಚಿತು. ತಲೆಯೆತ್ತಿ ನೋಡಿದರೆ ಅಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಇವತ್ತು ಬೇಡ" ಎಂದರು.

"ಬೇಗ ಬರ್ತೀನಿ ಅಪ್ಪ. ನರ್ಸಮ್ಮ ಇದ್ದಾರೆ."

"ನಿಮ್ಮಣ್ಣನೂ ಬೇಗ ಬರ್ತೀನಿ ಅಂತಲೇ ಹೋದ."

"ಅದನ್ನ ಅವರ ಹತ್ರನೇ ಬಿಟ್ಟು ಹೋಗೇ" ಎಂದು ನರ್ಸಮ್ಮ ಹಿಂದಿನಿಂದ ಹೇಳಿದರು. "ಬರೀ ಬುಗುರಿ ತಾನೆ. ಹೋಗು, ಹೊತ್ತಾಗುತ್ತೆ."

ಅಪ್ಪ ಅವರ ಕಡೆ ತಿರುಗಲಿಲ್ಲ. "ನೀನು ಹೋದ್ರೆ ಬರಲ್ಲ. ನಂಗೊತ್ತು" ಎಂದರು. ಗದರಿಸುವ ದನಿಯಲ್ಲ. ಹಾಜರಿ ಕೂಗುವಾಗ ಬಾರದ ಹುಡುಗನ ಹೆಸರು ಹೇಳಿ ಮುಂದೆ ಹೋಗುವ ದನಿ.

ಆಟಿಕೆ ಅಂಗಡಿ ದಾಟಿ ನಾಲ್ಕು ಅಂಗಡಿ ಮುಂದೆ ಹೋದರೆ ಬಸ್ ನಿಲ್ದಾಣ. ಮಾತ್ರೆ ತರಲು ಹೋದಾಗಲೆಲ್ಲ ನಾನು ಆ ಕಡೆ ನೋಡಿದ್ದೇನೆ. ಒಮ್ಮೆ ನಿಲ್ದಾಣದೊಳಗೆ ಹೋಗಿ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದೇನೆ. ಯಾರಿಗೂ ಹೇಳಿಲ್ಲ. ಈ ಮನುಷ್ಯ ಮಂಚದಿಂದ ಕೆಳಗಿಳಿಯದೆ ಅದನ್ನು ಹೇಗೆ ಕಂಡರೋ! ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅಯ್ಯೋ ಎನಿಸಿದ್ದೂ ಅಷ್ಟೇ. ಎರಡೂ ಒಟ್ಟಿಗೆ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ.

"ನೀವು ಮೇಲೆ ಹೋಗಿ ನರ್ಸಮ್ಮ" ಎಂದೆ.

ಅವರು ನನ್ನ ಮುಖ ನೋಡಿ, ಪತ್ರಿಕೆ ಮಡಚಿಕೊಂಡು ಎದ್ದು ಪರದೆಯಾಚೆ ಹೋದರು.

ಮೇಜನ್ನು ಮಂಚಕ್ಕೆ ಅಡ್ಡ ಎಳೆದೆ. ಬೋಗುಣಿ ಇಟ್ಟೆ. ಚೀಲದಿಂದ ನಾದಿನಿಯನ್ನು ತೆಗೆದು ನನ್ನ ಲಾಂಚರಿಗೆ ಕಚ್ಚಿಸಿದೆ. "ಹ್ಞೂಂ, ಹಾಕಿ ಅತ್ತೆಯನ್ನ" ಎಂದೆ. ಅಪ್ಪ ಮುಷ್ಟಿ ಬಿಚ್ಚಿದರು. ಅವರು ಸೀಟಿ ಊದಿದ ಕೂಡಲೇ ಇಬ್ಬರೂ ಎಳೆದೆವು. ಈ ಸಲ ನಾನು ಕೈ ಸಡಿಲ ಬಿಡಲಿಲ್ಲ. ಅಣ್ಣನ ಫೋನು, ಬಸ್ ನಿಲ್ದಾಣದ ಬೆಂಚು, ಮೂಲೆಯ ಪ್ಯಾಂಟಿನ ರಾಶಿ, ಎಲ್ಲವನ್ನೂ ಆ ಪಟ್ಟಿಗೆ ಸೇರಿಸಿ ಎಳೆದೆ. ನಾದಿನಿ ಅಂಚಿನಲ್ಲಿ ಒಂದು ಸುತ್ತು ಬಂದು ನೇರ ನಡುವಿಗೆ ನುಗ್ಗಿದಳು. ಅತ್ತೆ ಎಗರಿ ಗೋಡೆಗೆ ಬಡಿದು, ಚಟ್ಟೆಂದು ಏನೋ ಮುರಿದು, ಉರುಳಿ ಮಂಚದ ಕೆಳಗೆ ಹೋದಳು.

ಈಗ ಬೈಯಲಿ, ಬೋಗುಣಿ ಎಸೆಯಲಿ, ನಾಳೆಯಿಂದ ಈ ಆಟವೇ ಬೇಡ ಎನ್ನಲಿ ಎಂದು ಕಾದು ನಿಂತೆ.

ಅಪ್ಪ ನಗತೊಡಗಿದರು. ಅರ್ಧ ಬಾಯಿಯಲ್ಲಿ, ಹೊಟ್ಟೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಇಷ್ಟು ದಿನ ಬೇಕಂತಲೇ ಸೋಲ್ತಿದ್ದೆ ಅಲ್ವಾ?" ಎಂದರು. "ಡ್ರಿಲ್ ಮೇಷ್ಟ್ರಿಗೆ ಗೊತ್ತಾಗಲ್ವಾ ಅದು? ಇದು ಆಟ ಅಂದ್ರೆ. ಎತ್ಕೊಡು. ಇನ್ನೊಂದ್ಸಲ."

ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಮಂಡಿಯೂರಿ ಮಂಚದ ಕೆಳಗೆ ತೂರಿದೆ. ಅತ್ತೆ ಗೋಡೆಯ ಬುಡದಲ್ಲಿ ಬಿದ್ದಿದ್ದಳು, ಒಂದು ಹಲ್ಲು ಹೋಗಿತ್ತು, ಮೊನೆ ಗಟ್ಟಿಯಾಗಿಯೇ ಇತ್ತು. ಇನ್ನೂ ಆಡಬಹುದು. ಅಲ್ಲಿಂದ ತಿರುಗಿದಾಗ ಪರದೆಯ ಕೆಳಗಿನ ಸಂದಿಯಲ್ಲಿ ಮುಂದಿನ ಕೋಣೆಯ ನೆಲ ಕಂಡಿತು, ಆಚೆಗೆ ತೆರೆದ ಬಾಗಿಲು, ಬೀದಿಯ ಬಿಸಿಲು. ಇಷ್ಟು ಹೊತ್ತೂ ಅಲ್ಲೇ ಉಳಿದಿದ್ದ ನರ್ಸಮ್ಮನ ಪಾದಗಳು ಚಪ್ಪಲಿ ಹುಡುಕಿ ಮೆಟ್ಟಿ, ಒಂದು ಗಳಿಗೆ ನಿಂತು, ಹೊರಗೆ ಹೋದವು. ಬಾಗಿಲು ಮುಚ್ಚಿತು.

ತಲೆಯ ಮೇಲೆ ಸೀಟಿ ಕೇಳಿಸಿತು, ಉದ್ದನೆಯದು.

"ಬಂದೆ ಅಪ್ಪ" ಎಂದೆ, ಮಂಚದ ಕೆಳಗಿನಿಂದಲೇ.