ಸೇತುವೆ ಕಾಯುವವಳಿಗೆ ನೀರಿಲ್ಲ

ಮೂಟೆಯೊಳಗೆ ಬಿಸಿಯೇರಿದ ಚಹಾ ಎಲೆಗೆ ಹುಳಿಬಂದ ಹಣ್ಣಿನಂಥ ಒಂದು ವಾಸನೆ. ಲಿಂಗಮ್ಮ ಚಿಕ್ಕವಳಿದ್ದಾಗ ಆ ವಾಸನೆ ಬಂದ ದಿನ ಅವಳ ಅಪ್ಪ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಾಗೆ ಬಿಸಿಯೇರಿ ಕೆಂಪಾದ ಎಲೆಯನ್ನು ಫ್ಯಾಕ್ಟರಿಯವರು ವಾಪಸು ಕಳಿಸುತ್ತಿದ್ದರು. ಈಗ ಹಟ್ಟಿಯ ಮನೆಮನೆಯ ಜಗಲಿಯಿಂದಲೂ ಅದೇ ವಾಸನೆ. ಲಿಂಗಮ್ಮನಿಗೆ ಅದು ಮೂಗಿಗೆ ಬಂತು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಅವಳು ಯಾವುದಕ್ಕೂ ಬೇಸರಪಟ್ಟಿದ್ದಿಲ್ಲ, ಸಂತೋಷಪಟ್ಟದ್ದೂ ಇಲ್ಲ.

ಹಳ್ಳದ ಮೇಲಿನ ಹಳೆಯ ಸೇತುವೆಯನ್ನು ದುರಸ್ತಿಗೆಂದು ಮುಚ್ಚಿದ್ದರು. ಕಂಬ ಬಿರುಕುಬಿಟ್ಟು ಒಳಗಿನ ಕಬ್ಬಿಣ ಕಾಣುತ್ತಿತ್ತು. ನಡೆದು ದಾಟಬಹುದು, ಗಾಡಿ ಕೂಡದು. ಕಿತ್ತ ಎಲೆಯನ್ನು ತಲೆಯ ಮೇಲೆ ಹೊತ್ತು ಆಚೆ ದಡಕ್ಕೆ ಒಯ್ದರೆ ಅಲ್ಲಿಗೆ ಫ್ಯಾಕ್ಟರಿಯ ಲಾರಿ ಬರುತ್ತಿತ್ತು. ಎಲ್ಲ ಹೊತ್ತು ಮುಗಿಸುವಷ್ಟರಲ್ಲಿ ಉಳಿದ ಎಲೆ ಮೂಟೆಯಲ್ಲೇ ಬಿಸಿಯೇರುತ್ತಿತ್ತು. ಈಚೆ ದಡದ ತಡೆಗಂಬದ ಪಕ್ಕ, ಎರಡು ಕೋಲಿಗೆ ಕಟ್ಟಿದ ನೀಲಿ ಟಾರ್ಪಾಲಿನ ಕೆಳಗೆ ಕಾವಲಿನ ಕಾಳಿಯಮ್ಮ ಕೂತಿರುತ್ತಿದ್ದಳು. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ತಮಿಳು ಹೆಂಗಸು.

ಲಿಂಗಮ್ಮನ ಬಾವ ಬೆಳ್ಳಿ ಕಾಳಿಯಮ್ಮನ ಹತ್ತಿರ ಹೋಗಿ ಕೇಳಿದ್ದ. "ನನ್ನ ಮಗ ಅರುಣ್ ಪಿಕಪ್ ಓಡಿಸ್ತಾನೆ. ಒಂದೇ ಸಲ ಬಿಡು. ಎಲೆ ಕೆಂಪಾದರೆ ನಾವು ಏನು ತಿನ್ನೋದು?"

"ಬಿಟ್ಟರೆ ಬೀಳೋದು ಆ ಅರುಣ್ ತಂಬಿಯೇ ಅಣ್ಣಾ. ಆಗಲ್ಲ."

"ಬಂದಳಪ್ಪ ಕಲೆಕ್ಟರಮ್ಮ!" ಎಂದು ಬೆಳ್ಳಿ ಅಂದೇ ಹಟ್ಟಿಯ ಕೂಟ ಸೇರಿಸಿದ. ಅವನು ಅಲ್ಲಿ ಇಟ್ಟ ಮಾತು: ಕಾಳಿಯಮ್ಮನಿಗೆ ನೀರು, ಬೆಂಕಿ, ಮಾತು ಯಾವುದೂ ಕೊಡಕೂಡದು. ಚಳಿಗೆ ತಾನಾಗಿ ಎದ್ದು ಹೋಗುತ್ತಾಳೆ, ಆಮೇಲೆ ತಡೆಗಂಬ ಸರಿಸಿ ಗಾಡಿ ದಾಟಿಸಿದರಾಯಿತು. ಮನೆಗೊಂದು ಮಾತು ಕೇಳುವುದು ಅಲ್ಲಿಯ ಪದ್ಧತಿ. ಗಂಡಸರಿಲ್ಲದ ಮನೆಯೆಂದು ಬೆಳ್ಳಿಯೇ ಲಿಂಗಮ್ಮನ ಬಾಗಿಲಿಗೆ ಬಂದ.

"ನಿನ್ನ ಮಾತೇನು?"

ಲಿಂಗಮ್ಮ ಪಾತ್ರೆ ಒರೆಸುತ್ತಿದ್ದಳು. ಏನೂ ಹೇಳಲಿಲ್ಲ. ಬೆಳ್ಳಿ "ಸರಿ" ಎಂದು ಹೋದ. ಆ ಹಟ್ಟಿಯಲ್ಲಿ ಬಾಯಿಬಿಡದಿದ್ದರೆ ಒಪ್ಪಿದ ಹಾಗೆ.

ಮರುದಿನ ಚಹಾ ಅಂಗಡಿಯವನು ಕಾಳಿಯಮ್ಮ ಚಾಚಿದ ಫ್ಲಾಸ್ಕನ್ನು ಕಾಣದವನಂತೆ ಒಳಗೆ ಹೋದ. ನಲ್ಲಿಯ ಹತ್ತಿರ ಹೆಂಗಸರು ಕೊಡಗಳನ್ನು ಅಡ್ಡ ಇಟ್ಟು ನಿಂತರು. ಲಿಂಗಮ್ಮ ಎಲ್ಲವನ್ನೂ ನೋಡಿದಳು, ಮೂಟೆ ಹೊತ್ತು ಮುಂದೆ ನಡೆದಳು.

"ಲಾರಿ ಇನ್ನೂ ಬಂದಿಲ್ಲ ಅಮ್ಮಾ, ಟಯರ್ ಪಂಚರ್ ಅಂತೆ," ಎಂದಳು ಕಾಳಿಯಮ್ಮ. ಲಿಂಗಮ್ಮ ಉತ್ತರಿಸದೆ, ಬೆಳ್ಳಿಯ ಆಳುಗಳು ಬಿಸಿಲಲ್ಲಿ ಇಳಿಸಿಹೋಗಿದ್ದ ಮೂಟೆಗಳ ಪಕ್ಕ ತನ್ನದನ್ನೂ ಇಳಿಸಿ, ಉಳಿದ ಎಲೆ ತರಲು ತೋಟಕ್ಕೆ ಹಿಂತಿರುಗಿದಳು.

ಮತ್ತೆ ಬರುವಷ್ಟರಲ್ಲಿ ಮಂಜು ಇಳಿದು, ಹಳ್ಳದಿಂದ ಗಾಳಿ ಏಳುತ್ತಿತ್ತು. ಕೋಲುಗಳ ಮೇಲೆ ಟಾರ್ಪಾಲು ಇರಲಿಲ್ಲ. ಅದನ್ನು ರಸ್ತೆಯ ಮೇಲೆ ಹಾಸಿ, ಅಂಚಿಗೆ ಕಲ್ಲು ಹೇರಲಾಗಿತ್ತು. ಮೂಟೆಗಳನ್ನೆಲ್ಲ ಬಿಚ್ಚಿ ಎಲೆಯನ್ನು ಅದರ ಮೇಲೆ ತೆಳ್ಳಗೆ ಹರಡಲಾಗಿತ್ತು: ಒಂದು ಬದಿ ಲಿಂಗಮ್ಮನದು, ಇನ್ನೊಂದು ಬದಿ ಬೆಳ್ಳಿಯದು, ಬೆರೆಯದ ಹಾಗೆ ನಡುವೆ ಒಂದು ಕೋಲು. ಕಾಳಿಯಮ್ಮ ತಲೆಗೆ ಖಾಲಿ ಗೋಣಿ ಹೊದ್ದು, ಗಾಳಿಗೆ ಬೆನ್ನುಕೊಟ್ಟು, ಮೊಣಕಾಲೂರಿ ಎಲೆ ತಿರುವುತ್ತಿದ್ದಳು.

"ಒಳಗೆ ಬಿಸಿಯಾಗಿತ್ತಮ್ಮಾ. ಕೇಳದೆ ಬಿಚ್ಚಿದೆ, ಬೈಬೇಡಿ."

ಲಿಂಗಮ್ಮ ಮೂಟೆ ಇಳಿಸಿ, ಬಗ್ಗಿ ಎಲೆಯೊಳಗೆ ಕೈಯಾಡಿಸಿದಳು. ಎಲೆ ತಣ್ಣಗಿತ್ತು. ಕಾಳಿಯಮ್ಮನ ಬೆರಳು ಅವಳ ಬೆರಳಿಗೆ ತಗುಲಿತು. ಅದು ಎಲೆಗಿಂತ ತಣ್ಣಗಿತ್ತು.

"ಬೆಳಿಗ್ಗೆ ಏನು ತಿಂದೆ?"

"ಪರವಾಯಿಲ್ಲೆ ಅಮ್ಮಾ."

ಲಿಂಗಮ್ಮ ಎದ್ದು ಮನೆಗೆ ಹೋದಳು. ಹಿಟ್ಟು ಕೂಡಿಸಿ ಮುದ್ದೆ ಮಾಡಿ, ಅವರೆಕಾಳಿನ ಸಾರು ಬಿಸಿ ಮಾಡಿ, ಡಬ್ಬಿಗೆ ತುಂಬಿಕೊಂಡು ಬಂದಾಗ ಬೆಳ್ಳಿ ಅಲ್ಲಿ ನಿಂತಿದ್ದ. ಹಸಿರಾಗಿಯೇ ಉಳಿದಿದ್ದ ತನ್ನ ಎಲೆಯನ್ನು ನೋಡುತ್ತಿದ್ದವನು ಡಬ್ಬಿ ಕಂಡು ತಲೆಯೆತ್ತಿದ.

"ಕೂಟದ ಮಾತು ಮರೆತೆಯಾ? ನೀನೂ ಒಪ್ಪಿದವಳೇ."

"ನಾನು ಮಾತಾಡಿರಲಿಲ್ಲ ಬಾವ. ಈಗ ಹೇಳ್ತೀನಿ. ಒಪ್ಪಲ್ಲ."

"ನಾಳೆ ನಿನ್ನ ಮನೆಗೂ ನೀರು ನಿಲ್ಲುತ್ತೆ."

"ನಿಲ್ಲಲಿ."

ಆಚೆ ದಡದಲ್ಲಿ ಲಾರಿಯ ಹಾರನ್ ಕೇಳಿಸಿತು. ಬೆಳ್ಳಿ ಗೋಣಿ ಬಿಡಿಸಿ, ಕುಕ್ಕರಗಾಲಲ್ಲಿ ಕೂತು, ತನ್ನ ಎಲೆಯನ್ನು ತುಂಬತೊಡಗಿದ. ಟಾರ್ಪಾಲಿನ ತನ್ನ ಬದಿ ಖಾಲಿಯಾದಾಗ ಅಂಚಿನ ಕಲ್ಲುಗಳನ್ನು ತಾನೇ ಎತ್ತಿಟ್ಟ. ಕಾಳಿಯಮ್ಮನ ಕಡೆ ಮಾತ್ರ ನೋಡಲಿಲ್ಲ.

ಕಾಳಿಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಲಿಂಗಮ್ಮ ಡಬ್ಬಿಯನ್ನು ಅವಳ ಎರಡೂ ಕೈಗಳ ನಡುವೆ ಇಟ್ಟಳು.

"ಬಿಸಿ ಇದೆ," ಎಂದಳು. "ಹುಷಾರು."