ಮೂರನೆಯ ದೀಪ

ಪ್ರಶಸ್ತಿ ಸಮಿತಿಯವರು ಸಿನಿಮಾ ನೋಡುವ ಆ ಪುಟ್ಟ ಥಿಯೇಟರಿನಲ್ಲಿ ಮಾತಾಡುವಂತಿರಲಿಲ್ಲ. ಐದು ಕುರ್ಚಿ, ಪ್ರತಿ ಕುರ್ಚಿಯ ತೋಳಿನಲ್ಲೊಂದು ಗುಂಡಿ, ತೆರೆಯ ಕೆಳಗೆ ಸಾಲಾಗಿ ಐದು ಕೆಂಪು ದೀಪ. ಮೊದಲ ಅರ್ಧ ಗಂಟೆ ಎಲ್ಲರೂ ತೆಪ್ಪಗೆ ನೋಡಬೇಕು. ಆಮೇಲೆ ಸಾಕೆನಿಸಿದವರು ಗುಂಡಿ ಒತ್ತಬಹುದು. ಮೂರು ದೀಪ ಹತ್ತಿತೋ, ಪ್ರೊಜೆಕ್ಟರ್ ನಿಂತಿತು, ಸಿನಿಮಾ ಸ್ಪರ್ಧೆಯಿಂದ ಹೊರಬಿತ್ತು. ಪಕ್ಷಪಾತ ಆಗಬಾರದೆಂದು ಮಾಡಿದವರ ಹೆಸರುಗಳನ್ನೆಲ್ಲ ಕತ್ತರಿಸಿ ಬರೀ ನಂಬರು ಉಳಿಸಿರುತ್ತಿದ್ದರು. ಹೆಸರು ಕತ್ತರಿಸಿಬಿಟ್ಟರೆ ನ್ಯಾಯ ತಾನಾಗಿ ಬಂದು ಕೂರುತ್ತದೆಂದು ನಂಬುವವರಿಗೆ ಯಾವ ಕಾಲದಲ್ಲೂ ಬರವಿಲ್ಲ.

ಒಂದು ಕಾಲದ ದೊಡ್ಡ ನಿರ್ದೇಶಕರಾಗಿದ್ದ ಅಧ್ಯಕ್ಷರು ಮೊದಲ ದಿನವೇ ಭಾಷಣ ಬಿಗಿದಿದ್ದರು. ಕಲೆಯನ್ನು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ, ಆದರೆ ಐವರು ಪ್ರಾಮಾಣಿಕರು ಒಟ್ಟಿಗೆ ಕೂತರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ ಎಂದಿದ್ದರು. ಮಾತು ಚೆನ್ನಾಗಿತ್ತು. ಆದರೆ ಅವರ ಮಂಡಿನೋವು ಕೆರಳಿದ ದಿನ ಅವರ ದೀಪವೇ ಎಲ್ಲಕ್ಕಿಂತ ಮೊದಲು ಹತ್ತುತ್ತಿತ್ತು. ಹಿಂದೆ ನಾಯಕಿಯಾಗಿ ಮೆರೆದ ನಟಿಗೆ ಮುಪ್ಪಿನ ಕಥೆಯೆಂದರೆ ಮೈಮೇಲೆ ಮುಳ್ಳು. ಕ್ಯಾಮರಾಮನ್ ಊಟವಾದ ಮೇಲೆ ತೂಕಡಿಸುತ್ತಿದ್ದ. ಕಾದಂಬರಿಕಾರ್ತಿಗೆ ಸಿನಿಮಾದವರ ನಡುವೆ ಬಾಯಿ ಬಿಡಲು ಸಂಕೋಚ. ಯಾರೂ ಕೆಟ್ಟವರಲ್ಲ, ಮಧ್ಯಾಹ್ನದ ಸಿನಿಮಾಗಳ ಹಣೆಬರಹ ಮಾತ್ರ ಕೆಟ್ಟದ್ದು.

ಐದನೆಯವರನ್ನು ಚಿತ್ರರಂಗವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಮುಚ್ಚಿದ ಬಾಗಿಲಾಚೆ ಸುರಿಯುವ ನೀರು ಬಿಸಿಯದೋ ತಣ್ಣನೆಯದೋ ಎಂದು ಕಿವಿಯಿಂದಲೇ ಹೇಳುತ್ತಿದ್ದ ಮನುಷ್ಯ ಅವರು. ಆ ಕಿವಿಗಳು ಈಗ ಕೈಕೊಟ್ಟಿದ್ದವು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ದಪ್ಪ ಸದ್ದು ಮುಟ್ಟುತ್ತಿತ್ತು, ತೆಳ್ಳಗಿನದು ಮುಟ್ಟುತ್ತಿರಲಿಲ್ಲ. ಸ್ಟುಡಿಯೋದಲ್ಲಿ ದೊಡ್ಡ ಸಿನಿಮಾವೊಂದರ ಕೆಲಸ ಅರ್ಧಕ್ಕೆ ಬಂದಿತ್ತು. ಸುದ್ದಿ ಹೊರಬಿದ್ದರೆ ಆ ಕೆಲಸವೂ ಹೋಗುತ್ತಿತ್ತು, ಇಷ್ಟು ವರ್ಷ ಕಟ್ಟಿದ ಹೆಸರೂ ಹೋಗುತ್ತಿತ್ತು. ಹಾಗಾಗಿ ಅವರು ಎಲ್ಲಿ ಹೋದರೂ ಎಡತುದಿಯ ಕುರ್ಚಿ ಹಿಡಿಯುತ್ತಿದ್ದರು, ಎಲ್ಲರೂ ಬಲಕ್ಕೇ ಬರಲಿ ಎಂದು. ಎದುರಿನವರ ತುಟಿ ನೋಡುತ್ತಿದ್ದರು. ಅದೂ ಆಗದಿದ್ದರೆ ತಲೆಯಾಡಿಸಿ "ಆಯ್ತು, ಗೊತ್ತು" ಎಂದುಬಿಡುತ್ತಿದ್ದರು. ಗ್ಯಾಸ್ ಮುಗಿದಿದೆ ಎಂದರೂ ಆಯ್ತು, ಗೊತ್ತು. ನಿಮ್ಮಕ್ಕ ತೀರಿಕೊಂಡರಂತೆ ಎಂದರೂ ಆಯ್ತು, ಗೊತ್ತು. ಆ ದಿನ ಹೆಂಡತಿ ಗೋಡೆಗೊರಗಿ ಅತ್ತಿದ್ದಳು. ಕಿವಿ ಮಶೀನು ಹಾಕಿಸಿಕೊಳ್ಳಿ ಎಂದು ಅಂಗಲಾಚಿದ್ದಳು. ಅವರು ಅದಕ್ಕೂ ತಲೆಯಾಡಿಸಿದ್ದರು.

ಇದು ಹೆಂಡತಿಯನ್ನು ಬಿಟ್ಟರೆ ಇನ್ನೊಬ್ಬಳಿಗೆ ಗೊತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಮಗಳ ಹಾಗೆ ಉಂಡು ಬೆಳೆದ ಶಿಷ್ಯೆ. ಇರುವೆ ನಡೆದರೂ ಕೇಳಿಸಿಕೊಳ್ಳುವವಳೆಂದು ಮೇಷ್ಟ್ರೇ ಅವಳಿಗೆ ಇರುವೆ ಎಂದು ಹೆಸರಿಟ್ಟಿದ್ದರು. ಕೆಲವು ವರ್ಷಗಳ ಹಿಂದೆ, ಮೇಷ್ಟ್ರು ಮುಗಿಯಿತೆಂದು ಒಪ್ಪಿಸಲಿದ್ದ ಸಿನಿಮಾವೊಂದರಲ್ಲಿ ತೆಳ್ಳನೆಯ ಸಿಳ್ಳೊಂದು ಉಳಿದಿದೆಯೆಂದು ಅವಳು ಮೆಲ್ಲಗೆ ಹೇಳಿದ್ದಳು. ನಿನಗೆ ಕಿವಿ ಕಲಿಸಿದವನೇ ನಾನು ಎಂದು ಮೇಷ್ಟ್ರು ಇಡೀ ಸ್ಟುಡಿಯೋದೆದುರು ಅವಳ ಮುಖಕ್ಕೆ ಮಂಗಳಾರತಿ ಎತ್ತಿದ್ದರು. ಅವಳು ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹದಿನೇಳನೆಯ ನಂಬರಿನ ಸಿನಿಮಾ ಊಟವಾದ ಮೇಲೆ ಬಂತು. ಒಂದು ಕೋಣೆ, ಕಿವಿ ಮುಚ್ಚುವಂತೆ ಉಲ್ಲನ್ ಟೋಪಿ ಎಳೆದುಕೊಂಡು ಕಿಟಕಿಯ ಬಳಿ ಕೂತ ಒಬ್ಬ ಮುದುಕ. ಮಗಳು ಬಾಗಿಲಿಗೆ ಬರುತ್ತಾಳೆ, ಮುಖ ಸಿಂಡರಿಸುತ್ತಾಳೆ, ಹೋಗುತ್ತಾಳೆ. ಅಳಿಯ ಬರುತ್ತಾನೆ, ಹಲ್ಲು ಕಚ್ಚುತ್ತಾನೆ, ಹೋಗುತ್ತಾನೆ. ಯಾರೂ ಮಾತಾಡುವುದಿಲ್ಲ. ಮುದುಕ ಯಾರಿಗೂ ಏನೂ ಮಾಡಿಲ್ಲ, ಆದರೂ ಮನೆಯವರೆಲ್ಲ ಅವನನ್ನು ಕಂಡರೆ ಸಿಡಿಮಿಡಿ. ಮೇಷ್ಟ್ರು ಕಾದರು. ಸದ್ದಿಲ್ಲ, ಮಾತಿಲ್ಲ, ಕಾರಣವಿಲ್ಲ. ಮೌನವೆಂದರೆ ಏನೂ ಹಾಕದೆ ಬಿಡುವುದಲ್ಲ, ಅದನ್ನೂ ಕಟ್ಟಬೇಕು ಎಂದು ಅವರು ಜೀವಮಾನವಿಡೀ ಪಾಠ ಹೇಳಿದ್ದರು. ಸದ್ದಿನ ಗಂಧಗಾಳಿ ಇಲ್ಲದ ಯಾವನೋ ಮಾಡಿದ್ದಾನೆ ಎಂದು ಅವರಿಗೆ ರೇಗಿತು. ಅರ್ಧ ಗಂಟೆ ದಾಟಿದ್ದೇ ನಟಿಯ ದೀಪ ಹತ್ತಿತು, ಹಿಂದೆಯೇ ಅಧ್ಯಕ್ಷರದು. ಮೂರನೆಯದು ಹತ್ತಲು ತಡವಾಯಿತು. ಕಾದಂಬರಿಕಾರ್ತಿ ತಿರುಗಿ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಗುಂಡಿ ಒತ್ತಿದರು. ತೆರೆ ಬೆಳ್ಳಗಾಯಿತು.

ಮಾರನೆಯ ದಿನ ಕಾಫಿಯ ಹೊತ್ತಿನಲ್ಲಿ ಕಾದಂಬರಿಕಾರ್ತಿ ಅವರ ಬಲಕ್ಕೆ ಬಂದು ನಿಂತಳು. ನಿನ್ನೆಯಿಂದ ಒಂದು ಮಾತು ಕೊರೆಯುತ್ತಿದೆ ಎಂದಳು.

"ಹದಿನೇಳನೇದ್ರಲ್ಲಿ ಕಿವಿ ಕೊಯ್ಯೋ ಹಾಗೆ ಸಿಳ್ಳು ಬರ್ತಿತ್ತಲ್ಲ ಸಾರ್, ನಂಗೆ ಅದು ಬೇಕಂತಲೇ ಇಟ್ಟಿದ್ದು ಅನ್ನಿಸ್ತು. ಆ ಮನೆಯವರಿಗೆ ಆಗ್ತಿದ್ದ ಹಿಂಸೆ ನಮಗೂ ಆಗ್ಲಿ ಅಂತ. ನೀವು ಒತ್ತಿದ್ ಮೇಲೆ, ಸದ್ದೇ ಕೆಟ್ಟಿದೆ, ನಾನೇ ದಡ್ಡಿ ಅಂದ್ಕೊಂಡೆ."

ಮೇಷ್ಟ್ರು ಆಯ್ತು, ಗೊತ್ತು ಎಂದರು. ಲೋಟ ಕೆಳಗಿಟ್ಟು ನೇರ ಪ್ರೊಜೆಕ್ಷನ್ ಕೋಣೆಗೆ ಹೋಗಿ, ಹದಿನೇಳನೆಯದನ್ನು ತಾನೊಬ್ಬನೇ ಇನ್ನೊಮ್ಮೆ ನೋಡಬೇಕು, ಪಕ್ಕದಲ್ಲಿ ಸದ್ದಿನ ಮೀಟರೂ ಕಾಣಬೇಕು ಎಂದು ಕೇಳಿಕೊಂಡರು. ಸದ್ದು ಎಷ್ಟಿದೆ ಎಂಬುದನ್ನು ಹಸಿರು ಪಟ್ಟಿಗಳಲ್ಲಿ ತೋರಿಸುವ ಮೀಟರು ಅದು. ದಪ್ಪ ಸದ್ದಿಗೆ ಎಡಗಡೆಯ ಪಟ್ಟಿ ಏಳುತ್ತದೆ, ತೆಳ್ಳನೆಯದಕ್ಕೆ ಬಲಗಡೆಯದು. ಮುದುಕ ಕಿಟಕಿಯ ಬಳಿ ಕೂತ. ಎಡಗಡೆ ಏನೂ ಏಳಲಿಲ್ಲ. ಬಲತುದಿಯಲ್ಲಿ ಒಂದೇ ಒಂದು ಪಟ್ಟಿ ನೆಟ್ಟಗೆ ನಿಂತು ನಡುಗುತ್ತಿತ್ತು. ಮಗಳು ಬಾಗಿಲಿಗೆ ಬಂದಾಗ ತಗ್ಗಿತು, ಮುದುಕ ತಲೆ ಗೋಡೆಗೆ ಆನಿಸಿದಾಗ ಏರಿತು. ಏರಿಳಿತವೆಲ್ಲ ಕೂದಲೆಳೆಯಷ್ಟು ಲೆಕ್ಕವಾಗಿ ಕಟ್ಟಿದ್ದು. ಅಂಥ ಕೈ ಎಲ್ಲರಿಗೂ ಇರುವುದಿಲ್ಲ. ಮೇಷ್ಟ್ರು ಬಲಗಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದರು. ಅವರಿಗೆ ಏನೂ ಕೇಳಿಸಲಿಲ್ಲ.

ನಿನ್ನೆ ನಿಲ್ಲಿಸಿದ ಜಾಗ ದಾಟಿತು. ಮಗಳು ಮುದುಕನ ಟೋಪಿ ತೆಗೆದಳು. ಕಿವಿಯಲ್ಲಿ ಮಶೀನು. ಸರಿಯಾಗಿ ಕೂರದ ಮಶೀನು ಸಿಳ್ಳು ಹಾಕುತ್ತದೆ, ಮನೆಗೆಲ್ಲ ಅದು ಕೇಳುತ್ತದೆ, ಹಾಕಿಕೊಂಡವನಿಗೆ ಮಾತ್ರ ಕೇಳುವುದಿಲ್ಲ. ಮುಂಚಿನ ಅರ್ಧ ಗಂಟೆಯ ಸಿಡಿಮಿಡಿಗೆಲ್ಲ ಕಾರಣ ಅದೇ. ಅಪ್ಪಾ, ಇದು ಕೂಗ್ತಿದೆ ಎಂದಳು ಮಗಳು. ಮುದುಕ ತಲೆಯಾಡಿಸಿ ಅಂದ, "ಆಯ್ತು, ಗೊತ್ತು."

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ಹೆಸರು ಕತ್ತರಿಸಿದ್ದರೇನು, ಇದು ಇರುವೆಯ ಸಿನಿಮಾ. ಅವಳು ಜಗಳದ ಸೇಡು ತೀರಿಸಿಕೊಂಡಿರಲಿಲ್ಲ. ಕೊನೆಯಲ್ಲಿ ಮಗಳು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ. ಹತ್ತಿರ ಹೋದಷ್ಟೂ ಮಶೀನು ಜೋರಾಗಿ ಕೂಗುತ್ತದೆ, ಹಸಿರು ಪಟ್ಟಿ ತುದಿ ಮುಟ್ಟಿ ಕೆಂಪಾಗುತ್ತದೆ, ಅವಳು ಕಣ್ಣು ಮುಚ್ಚಿ, ತಬ್ಬಿದ ಕೈ ಸಡಿಲಿಸದೆ ನಿಲ್ಲುತ್ತಾಳೆ. ಮೇಷ್ಟ್ರು ಅದನ್ನೆಲ್ಲ ಕಣ್ಣಲ್ಲೇ ಕೇಳಿಸಿಕೊಂಡರು. ಅತ್ತರು ಕೂಡ.

ನಿಂತ ಸಿನಿಮಾವನ್ನು ಮತ್ತೆ ಎತ್ತಿಕೊಳ್ಳಲು ಒಂದೇ ದಾರಿಯಿತ್ತು. ದೀಪ ಹಾಕಿದವರೇ ಕೊನೆಯ ಸಭೆ ಮುಗಿಯುವ ಮುನ್ನ ಎಲ್ಲರೆದುರು ಕಾರಣ ಕೊಟ್ಟು ಹಿಂತೆಗೆದುಕೊಳ್ಳಬೇಕು. ಮೇಷ್ಟ್ರು ಆ ಕಾರಣವನ್ನು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದರು. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದರು. ಅವಳು ಅವರ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು, ನಾಳೆ ಹೇಳಿಬಿಡಿ ಎಂಬಂತೆ.

ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು.

"ಹದಿನೇಳಕ್ಕೆ ನಾನು ಹಾಕಿದ ದೀಪ ವಾಪಸ್ ತಗೋತೀನಿ. ಅದರಲ್ಲಿ ಸದ್ದಿತ್ತು, ನಂಗೆ ಕೇಳಿಸಲಿಲ್ಲ. ನಂಗೆ ಕಿವಿ ಕೇಳ್ಸಲ್ಲ, ತುಂಬಾ ದಿನದಿಂದ."

ನಟಿ ಸೆರಗಿನ ತುದಿ ಹಿಡಿದು ನೋಡತೊಡಗಿದಳು. ಅಧ್ಯಕ್ಷರು ಮಂಡಿ ನೀವಿಕೊಳ್ಳುತ್ತ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿದರು. ಅಷ್ಟು ಮರ್ಯಾದೆಯಿಂದ ಯಾರೂ ಮೇಷ್ಟ್ರ ಹತ್ತಿರ ಮಾತಾಡಿ ಬಹಳ ಕಾಲವಾಗಿತ್ತು. ನಿಮ್ಮ ಕಿವಿಯೇ ಅನುಮಾನ ಎಂದಾದರೆ ಈ ಸಿನಿಮಾ ಒಂದೇ ಅಲ್ಲ, ನೋಡಿದ್ದೆಲ್ಲವೂ ಅನುಮಾನ. ಸದ್ದಿನ ಪ್ರಶಸ್ತಿಯಂತೂ ನಗೆಪಾಟಲು. ಸೋತವರೆಲ್ಲ ಕೋರ್ಟು ಹತ್ತುತ್ತಾರೆ, ಗೆದ್ದವರು ತಲೆ ತಗ್ಗಿಸುತ್ತಾರೆ. ನಿಮ್ಮ ಸ್ಟುಡಿಯೋದವರು ನಾಳೆಯೇ ನಿಮ್ಮನ್ನು ಹೊರಗೆ ಹಾಕುತ್ತಾರೆ. ಇಷ್ಟನ್ನೂ ಬಿಡಿಸಿ ಹೇಳಿ ಅವರು ಮೇಷ್ಟ್ರ ಕೈ ಹಿಡಿದುಕೊಂಡರು.

"ನೀವು ಈ ಮಾತು ಆಡ್ಲಿಲ್ಲ ಮೇಷ್ಟ್ರೇ. ನಾವೂ ಕೇಳಿಸ್ಕೊಳ್ಲಿಲ್ಲ."

ಹಾಗಾದರೆ ಆ ಸಿನಿಮಾ, ಎಂದು ಕಾದಂಬರಿಕಾರ್ತಿ ಕೇಳಿದಳು. ಒಂದಕ್ಕೋಸ್ಕರ ಅಷ್ಟನ್ನೂ ಹಾಳು ಮಾಡುವುದೇ ಎಂದರು ಅಧ್ಯಕ್ಷರು. ಹೇಗಿದ್ದರೂ ಅದು ಎಲ್ಲರಿಗೂ ಹಿಡಿಸುವಂಥದ್ದಲ್ಲವಲ್ಲ, ಒಬ್ಬೊಬ್ಬರ ರುಚಿ ಒಂದೊಂದು ಎಂದು ಕ್ಯಾಮರಾಮನ್ ದನಿಗೂಡಿಸಿದ. ಆ ಸಿನಿಮಾ ಓಡಿದಷ್ಟು ಹೊತ್ತೂ ಅವನು ನಿದ್ದೆಯಲ್ಲಿದ್ದ. ಕಾದಂಬರಿಕಾರ್ತಿ ಮೇಷ್ಟ್ರ ಕಡೆ ನೋಡಿದಳು. ಅವರು ಪಟ್ಟು ಹಿಡಿದಿದ್ದರೆ ಅವಳೂ ಜೊತೆಗೆ ನಿಲ್ಲುತ್ತಿದ್ದಳು, ಅದು ಅವಳ ಮುಖದಲ್ಲೇ ಇತ್ತು. ಆದರೆ ಮೇಷ್ಟ್ರಿಗೆ ಆ ಗಳಿಗೆಯಲ್ಲಿ ನಾಚಿಕೆಗಿಂತ ಹೆಚ್ಚಾಗಿ ನೆಮ್ಮದಿಯಾಗಿತ್ತು. ಹೇಳಿದ್ದೂ ಆಯಿತು, ಏನೂ ಕಳೆದುಕೊಳ್ಳಲೂ ಇಲ್ಲ. ಅವರು ತಲೆಯಾಡಿಸಿದರು. ಎಲ್ಲ ತೀರ್ಪೂ ಒಮ್ಮತದ್ದು ಎಂಬ ಸಾಲಿನ ಕೆಳಗೆ ಸಹಿ ಹಾಕಿ, ಪೆನ್ನನ್ನು ಪಕ್ಕದವರಿಗೆ ದಾಟಿಸಿದರು.

ಪ್ರಶಸ್ತಿಗಳು ಪ್ರಕಟವಾದವು. ಚಪ್ಪಾಳೆ, ಹಾರ, ಫೋಟೋ ಎಲ್ಲ ಸಾಂಗವಾಗಿ ನಡೆಯಿತು. ಬಹುಮಾನ ಬಂದ ಸಿನಿಮಾಗಳು ಕೆಟ್ಟವೇನಲ್ಲ, ಹೆಚ್ಚಿನವು ಬೆಳಗಿನ ಹೊತ್ತು ನೋಡಿದವು. ಹೆಂಡತಿ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದಳು. ಬಿಟ್ಟಿದ್ದಾಳೆಂದು ಅವರಿಗೆ ತಿಳಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅವಳು ಎದುರಿಗೆ ಬಂದು ನಿಂತು, ಇರುವೆಗಾದರೂ ಹೋಗಿ ಹೇಳಿ ಬನ್ನಿ ಎಂದಳು.

ಇರುವೆ ಇದ್ದದ್ದು ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ. ಹೊರಗಿನ ಸದ್ದು ಬರದ ಹಾಗೆ ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿದ್ದಳು. ಮೇಷ್ಟ್ರನ್ನು ಬಾಗಿಲಲ್ಲಿ ಕಂಡದ್ದೇ ಅವಳ ಮುಖ ಅರಳಿತು. ಬನ್ನಿ ಸಾರ್ ಎಂದು ಒಳಗೆ ಕರೆದು, ಇದ್ದ ಒಂದೇ ಕುರ್ಚಿಯನ್ನು ಅವರಿಗೆ ಕೊಟ್ಟು, ಕೇಳದೆಯೇ ಅವರ ಬಲಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಪ್ರಶಸ್ತಿಯ ವಿಷಯ ಎತ್ತಲೇ ಇಲ್ಲ. ಅಮ್ಮ ಹೇಗಿದ್ದಾರೆ ಎಂದು ಕೇಳಿದಳು. ಬರುತ್ತೀರೆಂದು ಗೊತ್ತಿದ್ದರೆ ಏನಾದರೂ ತಂದಿಡುತ್ತಿದ್ದೆ ಎಂದಳು.

ಮೇಷ್ಟ್ರು ನೆಲ ನೋಡುತ್ತ ಎಲ್ಲವನ್ನೂ ಹೇಳಿದರು. ಸಿಳ್ಳು ಕೇಳಿಸದೆ ಮೂರನೆಯ ದೀಪ ಹಾಕಿದ್ದು, ಮೀಟರಿನಲ್ಲಿ ಕಂಡದ್ದು, ಸಭೆಯಲ್ಲಿ ಹೇಳಿದ್ದು, ಸಮಿತಿಯವರು ಮುಚ್ಚಿ ಹಾಕಿದ್ದು, ತಾನು ಸಹಿ ಮಾಡಿದ್ದು. ನಿನ್ನ ಸಿನಿಮಾದಂಥ ಕೆಲಸವನ್ನು ನನ್ನ ಇಡೀ ಆಯುಷ್ಯದಲ್ಲಿ ನಾನು ಮಾಡಿಲ್ಲಮ್ಮ ಎಂದೂ ಹೇಳಿದರು. ಅದು ನಿಜವೇ ಆಗಿತ್ತು.

ಇರುವೆ ಎದ್ದು ಕಂಬಳಿಯ ಗೋಡೆಯ ಕಡೆ ತಿರುಗಿ ನಿಂತಳು. ಏನೋ ಅಂದಳು. ಬೆನ್ನು ಮಾತ್ರ ಕಾಣುತ್ತಿತ್ತು, ತುಟಿ ಕಾಣಲಿಲ್ಲ. ಮೇಷ್ಟ್ರ ತಲೆ ತಾನಾಗಿಯೇ ಆಡಲು ಹೊರಟಿತು, "ಆಯ್ತು, ಗೊತ್ತು" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವರು ಅದನ್ನು ನುಂಗಿಕೊಂಡರು.

"ಕೇಳಿಸ್ಲಿಲ್ಲ ಕಣಮ್ಮ. ಇನ್ನೊಂದ್ಸಲ ಹೇಳು."

ಅಷ್ಟು ವರ್ಷಗಳಲ್ಲಿ ಅವರು ಯಾರನ್ನೂ ಹೀಗೆ ಕೇಳಿರಲಿಲ್ಲ. ಇರುವೆ ತಿರುಗಿದಳು. ಹತ್ತಿರ ಬಂದು, ಸಿನಿಮಾದ ಮಗಳ ಹಾಗೆಯೇ ಬಗ್ಗಿ, ಅವರ ಬಲಗಿವಿಗೆ ಬಾಯಿ ತಂದು, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದಳು.

"ದೀಪ ಹಾಕಿದ್ದಕ್ಕೆ ನಂಗೇನೂ ಬೇಜಾರಿಲ್ಲ ಸಾರ್. ನಿಮಗೆ ಕೇಳ್ಸಲ್ಲ ಅಂತ ನಂಗೊತ್ತು. ಕೇಳಿಸ್ಲಿಲ್ಲ ಅಂತ ಗೊತ್ತಾದ್ಮೇಲೂ ಸಹಿ ಹಾಕಿದ್ರಲ್ಲ. ಇನ್ಮೇಲೆ ಇಲ್ಲಿಗೆ ಬರ್ಬೇಡಿ."

ಒಂದಕ್ಷರವೂ ತಪ್ಪದೆ ಅವರಿಗೆ ಕೇಳಿಸಿತು.