ನುಸಿ ಕಾರು

ಬಾಡ ಊರಿನ ರಸ್ತೆಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಬಂಗಾರಿಯನ್ನು ಐಸ್ ಫ್ಯಾಕ್ಟರಿಯ ತ್ರ್ಯಂಬಕನ ಕರೆಂಟ್ ಕಾರು ಹಿಂದಿನಿಂದ ಬಂದು ಮೋರಿಯ ಕಟ್ಟೆಗೆ ಒತ್ತಿತು. ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಅವಳಿಗೆ ಕಿವಿ ಕೇಳಿಸುವುದಿಲ್ಲ, ಅದಕ್ಕೇ ದಾರಿ ಬಿಡಲಿಲ್ಲ ಎಂದು ತ್ರ್ಯಂಬಕ ಹೇಳಿಕೆ ಕೊಟ್ಟ.

ಆ ಕಾರಿಗೆ ಒಂದು ದನಿಯಿತ್ತು. ಅದನ್ನು ತೆಗೆದವನು ವಿನೋದ.

ಕುಮಟೆಯ ಹೆದ್ದಾರಿ ಬದಿಯಲ್ಲಿ ವಿನೋದನದು ತಗಡಿನ ಶೆಡ್ಡು. ಗಾಡಿಗಳ ವೈರಿಂಗ್, ಸೆಲ್ಫ್ ಮೋಟಾರು, ಬ್ಯಾಟರಿ ಅವನ ಕಸುಬು. ಶೆಡ್ಡು ಅವನದಾದರೂ ಅದು ನಿಂತ ನೆಲ ತ್ರ್ಯಂಬಕನದು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ತ್ರ್ಯಂಬಕ ತನ್ನ ಹೊಸ ಬಿಳಿ ಕಾರನ್ನು ಶೆಡ್ಡಿನೆದುರು ತಂದು ನಿಲ್ಲಿಸಿದ.

"ಒಮ್ಮೊಮ್ಮೆ ಕುಂಯ್ ಅಂತದೆ ಮಾರಾಯ. ಯಾವಾಗ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಕೇಳ್ವಾ ಅಂತ ಕೂತ್ರೆ ಸುಮ್ಮಂಗಿರ್ತದೆ."

"ಡಾಕ್ಟ್ರ ಎದುರಿಗೆ ಹೋದ ಕೂಡ್ಲೆ ಹೊಟ್ಟೆನೋವು ನಿಂತ ಹಂಗೆ," ಎಂದ ವಿನೋದ.

"ಹಂಗೇ. ಶೋರೂಮಿಗೆ ಫೋನ್ ಮಾಡಿದ್ರೆ ಅದು ನಾರ್ಮಲ್ ಸರ್ ಅಂತ ಅಂದ. ನಾರ್ಮಲ್ಲಂತೆ! ಭಟ್ಕಳದಲ್ಲೊಬ್ಬ ಬ್ರೇಕ್ ಬಿಚ್ಚಿ ಉಜ್ಜಿ ಕೊಟ್ಟ. ಹೊನ್ನಾವರದಲ್ಲೊಬ್ಬ ಡ್ಯಾಶ್‌ಬೋರ್ಡಿನ ಸಂದಿಗೆಲ್ಲ ಬಟ್ಟೆ ತುರುಕಿದ. ಎಂತದೂ ಆಗ್ಲಿಲ್ಲ."

ವಿನೋದ ಪಕ್ಕದ ಸೀಟಿನಲ್ಲಿ ಕೂತ. ಗಾಜು ಏರಿಸಿ, ರೇಡಿಯೋ ಆರಿಸಿ, ಹೆದ್ದಾರಿ ಹಿಡಿದು ಹೊನ್ನಾವರದ ಕಡೆಗೆ ಹೊರಟರು. ಕಾರು ಎಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಶರಾವತಿ ಸೇತುವೆ ದಾಟುವವರೆಗೂ ಟೈರಿನ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ತಿರುಗಿ ಹೊನ್ನಾವರದ ಪೇಟೆಯೊಳಗೆ ಹೊಕ್ಕು ಒಂದು ಬಸ್ಸಿನ ಹಿಂದೆ ನಿಧಾನವಾದದ್ದೇ ತಡ, ಕಿವಿಯ ತುದಿಯಲ್ಲಿ ಯಾರೋ ಸೂಜಿ ಎಳೆದಂತೆ ಸಣ್ಣಗೆ ಬಂತು, ಕುಂಯ್.

"ಹಾಂ! ಕೇಳ್ತಾ?"

"ಕೇಳ್ತು. ಬ್ರೇಕ್ ಮುಟ್ಟಬೇಡಿ. ಎಸಿ ಬಂದ್ ಮಾಡಿ."

ಎಸಿ ನಿಂತರೂ ಸದ್ದು ನಿಲ್ಲಲಿಲ್ಲ. ಬ್ರೇಕಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬಸ್ಸು ದಾರಿ ಬಿಟ್ಟು ಕಾರು ಓಡಿದ ಕೂಡಲೇ ಸದ್ದು ಮಾಯ.

"ಬೇರಿಂಗ್ ಹೋದದ್ದಾದ್ರೆ ಓಡಿದಷ್ಟೂ ಕೂಗ್ಬೇಕು," ಎಂದ ವಿನೋದ. "ಇದು ಓಡಿದ್ರೆ ಬಾಯಿ ಮುಚ್ತದೆ. ವಿಚಿತ್ರ ಅದೆ."

ಶೆಡ್ಡಿಗೆ ಬಂದ ಮೇಲೆ ಕಾರನ್ನು ಅಂಗಳದಲ್ಲಿ ಇರುವೆ ನಡಿಗೆಯಲ್ಲಿ ಓಡಿಸಲು ಹೇಳಿ ತಾನು ಪಕ್ಕದಲ್ಲಿ ನಡೆದ. ಒಳಗಿಗಿಂತ ಹೊರಗೇ ಸದ್ದು ಜೋರಾಗಿತ್ತು. ಹಿಂದಕ್ಕೆ ಓಡಿಸಿದಾಗ ರಾಗ ಬದಲಾಯಿತು. ಮುಂದಿನ ಬಂಪರಿನ ಎದುರು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಬಗ್ಗಿ, ಅಂಗೈ ಒತ್ತಿ ನೋಡಿದ. ಪ್ಲಾಸ್ಟಿಕ್ಕು ಬೆಕ್ಕಿನ ಗಂಟಲಿನ ಹಾಗೆ ನಡುಗುತ್ತಿತ್ತು. ಬಂಪರು ಸಡಿಲಿಸಿದರೆ ಒಳಗೊಂದು ಕರಿಯ ಸ್ಪೀಕರು, ರಿಕ್ಷಾದಲ್ಲಿ ಹಾಡು ಹಾಕುವಂಥದ್ದು.

"ಸಿಕ್ತು!" ಎಂದು ಕೂಗಿದ. ಬೇರೆಯವರ ಕೈಗೆ ಸಿಗದ್ದು ತನ್ನ ಕೈಗೆ ಸಿಕ್ಕಿದ ಹಿಗ್ಗು. "ಸಾವ್ಕಾರ್ರೆ, ಇದು ರೋಗ ಅಲ್ಲ. ಗಾಡಿನೇ ಕೂಗೂದು. ಇಂಜಿನ್ ಶಬ್ದ ಇಲ್ಲ ಅಲ್ದಾ? ನಿಧಾನಕ್ಕೆ ಹೋಗುವಾಗ ನಡ್ಕಂಡು ಹೋಗೋರಿಗೆ ಗೊತ್ತಾಗ್ಲಿ ಅಂತ ಕಂಪನಿಯವ್ರೇ ಇಟ್ಟದ್ದು."

"ಯಾರಿಗೆ ಗೊತ್ತಾಗ್ಲಿ ಅಂತ?"

"ನಡ್ಕಂಡು ಹೋಗೋರಿಗೆ."

"ಕಾರು ತಕಂಡವ ನಾನು. ಕೂಗೂದು ಅವ್ರ ಸಲುವಾಗಿಯಾ?" ತ್ರ್ಯಂಬಕನ ಮುಖ ಕೆಂಪಾಯಿತು. "ಅದ್ಕೇ ಆ ರಂಡೇರು ನುಸಿ ಅಂತ ಹೆಸರಿಟ್ಟದ್ದು."

ಸೊಳ್ಳೆಗೆ ಈ ಕಡೆ ನುಸಿ ಎನ್ನುತ್ತಾರೆ. ಹೆಸರಿಟ್ಟವಳು ಬಂಗಾರಿ.

ಬಾಡದಿಂದ ಪೇಟೆಗೆ ಮೀನು ಹೊರುವ ಹೆಂಗಸರು ಹಿಂದೆ ತಿರುಗಿ ನೋಡುವುದಿಲ್ಲ. ನೋಡಲಾಗುವುದಿಲ್ಲ. ತಲೆಯ ಮೇಲೆ ತುಂಬಿದ ಬುಟ್ಟಿ, ಅದರಿಂದ ಕೆನ್ನೆಗಿಳಿಯುವ ಐಸಿನ ನೀರು. ಕತ್ತು ಒಂದಿಷ್ಟು ಹೊರಳಿದರೆ ಮೀನೆಲ್ಲ ರಸ್ತೆಗೆ. ಆದ್ದರಿಂದ ಅವರು ಬೆನ್ನ ಹಿಂದಿನದನ್ನು ಕಿವಿಯಿಂದಲೇ ನೋಡುತ್ತಾರೆ. ಲಾರಿಯೋ, ಟೆಂಪೋವೋ, ಕುಡಿದವನ ಬೈಕೋ ಎಂದು ಕೇಳಿಯೇ ತಿಳಿದು, ಎಷ್ಟು ಬೇಕೋ ಅಷ್ಟೇ ಎಡಕ್ಕೆ ಸರಿಯುತ್ತಾರೆ. ಈ ಹೊಸ ಸದ್ದು ಮೊದಲ ಸಲ ಬೆನ್ನಿಗೆ ಬಂದಾಗ ಬಂಗಾರಿ, "ನುಸಿ ಬಂತ್ರೇ, ಸರೀರಿ!" ಎಂದಿದ್ದಳು. ಹೆಂಗಸರು ನಗುತ್ತ ಸರಿದಿದ್ದರು. ಆ ಮಾತು ಮೀನು ಪೇಟೆಗೆ ಹೋಯಿತು, ಅಲ್ಲಿಂದ ಐಸ್ ಫ್ಯಾಕ್ಟರಿಗೆ. ಗೇಟಿನಲ್ಲಿ ಕಾರು ಕಂಡರೆ ಆಳುಗಳು, "ನುಸಿ ಸಾವ್ಕಾರ್ರು ಬಂದ್ರು" ಎನ್ನತೊಡಗಿದರು. ತ್ರ್ಯಂಬಕ ಹುಡುಕುತ್ತಿದ್ದದ್ದು ರಿಪೇರಿಯನ್ನಲ್ಲ, ಆ ಹೆಸರಿನ ಬಾಯಿ ಮುಚ್ಚಿಸುವ ದಾರಿಯನ್ನು.

"ತೆಗಿ ಅದ್ನ."

"ತೆಗ್ದ್ರೆ, ಸಾವ್ಕಾರ್ರೆ, ಹಿಂದಿಂದ ಗಾಡಿ ಬಂದದ್ದು ಯಾರಿಗೂ..."

"ನಿನ್ನ ಶೆಡ್ಡು ಯಾರ ಜಾಗದಲ್ಲಿ ಅದೆ?"

ವಿನೋದ ಪ್ಲಗ್ ಎಳೆದ. ಹಲ್ಲು ಕೀಳುವಷ್ಟೂ ಕಷ್ಟವಾಗಲಿಲ್ಲ.

ಆ ಹೊತ್ತಿಗೇ ತ್ರ್ಯಂಬಕ ಅವನನ್ನು ಕೂರಿಸಿಕೊಂಡು ಬಾಡದ ರಸ್ತೆಗೆ ಹೋದ. ಮುಂದೆ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ನಡೆದಿದ್ದರು. ಕಾರು ಅವರ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಹೋಯಿತು. ಯಾರಿಗೂ ತಿಳಿಯಲಿಲ್ಲ. ಅವರ ಮಾತು, ಬಳೆಯ ಸದ್ದು ಕೂಡ ಕಾರಿನೊಳಗೆ ಕೇಳುತ್ತಿತ್ತು. ತ್ರ್ಯಂಬಕ ವಿನೋದನಿಗೆ ಕಣ್ಣು ಹೊಡೆದು ಹಾರ್ನ್ ಒತ್ತಿದ.

ಕೊನೆಯಲ್ಲಿದ್ದ ದುರ್ಗಮ್ಮ ಚೀರಿ ಹಾರಿದಳು. ಬುಟ್ಟಿ ಮಗುಚಿ ತಾರ್ಲೆ ಮೀನು ಮಣ್ಣಲ್ಲಿ ಚೆಲ್ಲಿತು. ತ್ರ್ಯಂಬಕ ಸ್ಟೇರಿಂಗಿಗೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಕಂಡ್ಯಾ? ಕಚ್ಚೂ ನುಸಿ ಕೂಗೂದಿಲ್ಲ!" ವಿನೋದನೂ ನಕ್ಕ. ಯಾರೂ ಅವನಿಗೆ ನಗು ಎಂದಿರಲಿಲ್ಲ.

ಬಂಗಾರಿ ತನ್ನ ಬುಟ್ಟಿ ಇಳಿಸಿ ಬಂದು ಮಣ್ಣು ಹತ್ತಿದ ಮೀನು ಆಯುತ್ತಲೇ ಕಾರಿನ ಕಿಟಕಿಯತ್ತ ನೋಡಿದಳು.

"ದನಿ ಎಲ್ಲಿಟ್ಟು ಬಂದ್ರಿ ಸಾವ್ಕಾರ್ರೆ? ನುಂಗ್ಬಿಟ್ರಾ? ಹೊಟ್ಟೆಲಿ ಕುಂಯ್ ಅನ್ನೂದಿಲ್ವಾ?"

ಅಳುತ್ತಿದ್ದ ದುರ್ಗಮ್ಮನೇ ಮೊದಲು ನಕ್ಕಳು. ಆಮೇಲೆ ಎಲ್ಲರೂ. ತ್ರ್ಯಂಬಕನ ನಗು ಅಲ್ಲಿಗೆ ನಿಂತಿತು.

ಮುಂದೆ ಅದು ಅವನಿಗೆ ಆಟವಾಯಿತು. ಬೆಳಿಗ್ಗೆ ಫ್ಯಾಕ್ಟರಿಗೆ ಹೋಗುವ ಮುನ್ನ ಬಾಡದ ಕಡೆಗೊಂದು ಸುತ್ತು. ಮೆಲ್ಲಗೆ ಹೋಗುವುದು, ಹತ್ತಿರ ಹೋಗುವುದು, ಹಾರ್ನ್ ಒತ್ತುವುದು. ಬೇರೆಯವರು ಬೆಚ್ಚುತ್ತಿದ್ದರು. ಬಂಗಾರಿ ಬೆಚ್ಚುತ್ತಿರಲಿಲ್ಲ, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಬೈದು, ಮುಂದೆ ನಡೆಯುತ್ತಿದ್ದಳು. ಅವಳ ಬುಟ್ಟಿ ಬೀಳಬೇಕಿತ್ತು ಅವನಿಗೆ. ಅದಕ್ಕಾಗಿ ಇನ್ನಷ್ಟು ಹತ್ತಿರ ಹೋಗಬೇಕಿತ್ತು. ಒಂದು ದಿನ ಮೋರಿಯ ಹತ್ತಿರ ಹೋದ. ಕೈ ಹಾರ್ನಿಗೆ ಹೋಗುವ ಮೊದಲು ಕಾಲು ಪೆಡಲು ಒತ್ತಿತು. ಕರೆಂಟ್ ಕಾರು ಗುಟುರು ಹಾಕಿ ಎಚ್ಚರಿಸುವ ಜಾತಿಯದ್ದಲ್ಲ, ಒತ್ತಿದ ಕೂಡಲೇ ಹಾರುತ್ತದೆ. ಮುಂದೆ ನಡೆದಿದ್ದ ದುರ್ಗಮ್ಮನನ್ನು ದಾಟಿ ಬಂಗಾರಿಯ ಬುಟ್ಟಿ ಬಿತ್ತು. ದುರ್ಗಮ್ಮ ನೋಡಿದ್ದು ಅದನ್ನು ಮೊದಲು, ಬಂಗಾರಿಯನ್ನು ಆಮೇಲೆ.

ಮಧ್ಯಾಹ್ನಕ್ಕೆ ಮುಂಚೆ ಕಾರು ಶೆಡ್ಡಿಗೆ ಬಂತು.

"ಆ ಪ್ಲಗ್ ಹಾಕು."

ಬಂಪರಿಗೆ ತಾರ್ಲೆಯ ಹುರುಪೆ ಅಂಟಿತ್ತು, ಬಿಸಿಲಿಗೆ ಮಿಂಚುತ್ತಿತ್ತು. ವಿನೋದ ಉಗುರಿನಿಂದ ಕೆರೆದು ತೆಗೆದ. ಪ್ಲಗ್ ಹಾಕಿದ. ಕಾರು ಕುಂಯ್ ಎಂದಿತು.

ಅಪಘಾತದ ತಪಾಸಣೆಗೆ ಶೆಡ್ಡಿಗೆ ಬಂದ ಅಧಿಕಾರಿ ಕಾರನ್ನು ನಿಧಾನಕ್ಕೆ ಓಡಿಸಿ ನೋಡಿದ. "ಈ ಸೌಂಡು ಮೊದಲಿಂದ ಇದೆಯಾ?" ಎಂದು ವಿನೋದನನ್ನು ಕೇಳಿದ.

"ಕಂಪನಿಯಿಂದಲೇ ಬಂದದ್ದು ಸರ್," ಎಂದ ವಿನೋದ. ಅದರಲ್ಲಿ ಸುಳ್ಳಿನ ಒಂದಕ್ಷರವಿರಲಿಲ್ಲ.

"ಇಷ್ಟು ಕೂಗ್ತದೆ. ಕೇಳ್ಲಿಲ್ಲ ಅಂದ್ರೆ ಆ ಹೆಂಗಸಿಗೆ ಕಿವಿ ಮಂದ ಇರಬೇಕು."

ಊರು ಬೇಗ ಕಲಿಯಿತು. ಇಷ್ಟು ವರ್ಷ ಬಂಗಾರಿಯ ಜೊತೆ ಪಿಸುಮಾತಿನಲ್ಲಿ ಚೌಕಾಸಿ ಮಾಡಿದವರಿಗೆಲ್ಲ ಒಮ್ಮೆಲೇ ನೆನಪಾಯಿತು. "ಹೌದು ಮಾರಾಯ್ರೆ, ನಾನೂ ಒಂದ್ಸಲ ಹಿಂದಿಂದ ಕರ್ದಿದ್ದೆ. ತಿರುಗ್ಲೇ ಇಲ್ಲ." ಇನ್ನೊಬ್ಬ, "ನಾ ಎಷ್ಟು ಸಲ ಕರ್ದಿದ್ದೆ! ಕಂಬದ ಹಂಗೆ ಸೀದಾ ಹೋಗ್ತಿತ್ತು." ತಲೆಯ ಮೇಲೆ ಬುಟ್ಟಿಯಿದ್ದದ್ದು ಒಬ್ಬರಿಗೂ ನೆನಪಾಗಲಿಲ್ಲ. ದುರ್ಗಮ್ಮ ಹೇಳಲು ಹೋದರೆ, "ಮುಂದೆ ಹೋಗ್ತಿದ್ದವಳಿಗೆ ಹಿಂದಿನದು ಎಂತ ಗೊತ್ತು?" ಎಂದು ಬಾಯಿ ಮುಚ್ಚಿಸಿದರು. ಬಂಗಾರಿ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅವಳ ಹೆಸರು ಕಿವುಡಿ ಬಂಗಾರಿ.

ಆದರೆ ಕೇಸು ಇನ್ನೂ ಇತ್ತು. ಊರ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ವಕೀಲರು ಹೇಳಿದ್ದರು. ತ್ರ್ಯಂಬಕ ಯೋಚಿಸಿ ಒಂದು ದಾನ ಹೂಡಿದ. ತಾನೇ ಅಧ್ಯಕ್ಷನಾಗಿರುವ ಸೇವಾ ಬಳಗದಿಂದ ಬಂಗಾರಿಗೆ ಕಿವಿಯ ಮಶಿನ್. ಅವಳು ಅದನ್ನು ಹಾಕಿಕೊಂಡ ಫೋಟೋ ಪೇಪರಿನಲ್ಲಿ ಬಂದರೆ ಆಯಿತು. ಕಿವುಡಿಯೆಂದು ಬೇರೆ ಯಾರೂ ಹೇಳಬೇಕಾಗಿಲ್ಲ, ಅವಳ ಕಿವಿಯೇ ಹೇಳುತ್ತದೆ.

ಹಣ್ಣಿನ ಬುಟ್ಟಿ, ಶಾಲು, ಫೋಟೋದವನೊಂದಿಗೆ ಬಾಡಕ್ಕೆ ಹೋದರು. ಮಶಿನ್ನಿಗೆ ಬ್ಯಾಟರಿ ಕೂರಿಸಲು ವಿನೋದನನ್ನೂ ಎಳೆದುಕೊಂಡು ಹೋದರು. ಬಂಗಾರಿ ಜಗಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು, ಉಳಿದ ಕಾಲನ್ನು ಚಾಚಿ ಬಲೆಯ ಹರಕು ಹೊಲಿಯುತ್ತಿದ್ದಳು. ಮಗಳು ರೇಖಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕೆಲಸ ತ್ರ್ಯಂಬಕನ ಫ್ಯಾಕ್ಟರಿಯಲ್ಲೇ, ಐಸ್ ಒಡೆದು ಪೆಟ್ಟಿಗೆ ತುಂಬುವುದು. ಮನೆಯಲ್ಲಿ ಈಗ ದುಡಿಯುವ ಕೈ ಅದೊಂದೇ.

"ಬಂಗಾರೀ!" ತ್ರ್ಯಂಬಕ ಗಂಟಲು ಹರಿಯುವಂತೆ ಕೂಗಿದ. "ಕಿವಿ ಮಶಿನ್! ನಿಂಗೆ! ಪುಕ್ಕಟೆ!"

"ಮೆಲ್ಲಗೆ ಸಾವ್ಕಾರ್ರೆ," ಎಂದಳು ಬಂಗಾರಿ, ತಿರುಗದೆ. "ಸಮುದ್ರದಲ್ಲಿದ್ದ ದೋಣಿಯವ್ರು ತಮ್ಮನ್ನೇ ಕರ್ದದ್ದು ಅಂತ ವಾಪಸ್ ಬರ್ತ್ರು."

ಫೋಟೋದವನು ಕಿಸಕ್ಕನೆ ನಕ್ಕು ಕೆಮ್ಮಿದ. ತ್ರ್ಯಂಬಕ ವಿನೋದನಿಗೆ ಸನ್ನೆ ಮಾಡಿದ. ವಿನೋದ ಅಂಗಳದ ಆಚೆ ಬದಿಗೆ ಹೋಗಿ ಪೊಟ್ಟಣ ಒಡೆದು ಬ್ಯಾಟರಿ ಹಾಕಿದ. ಯಾರಿಗೂ ಕಾಣಬಾರದೆಂಬಂತೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಮುಚ್ಚಿದ್ದಕ್ಕೆ ಮಶಿನ್ ಒಳಗೊಳಗೇ, ತೀರ ಸಣ್ಣಗೆ, ಕುಂಯ್ ಎಂದಿತು. ಅವನ ಪಕ್ಕದಲ್ಲಿದ್ದ ಫೋಟೋದವನಿಗೂ ಅದು ತಿಳಿಯಲಿಲ್ಲ.

ಬಂಗಾರಿಯ ಸೂಜಿ ನಿಂತಿತು.

"ನುಸಿ ಬಂತು," ಎಂದಳು ಗೋಡೆಗೆ. "ಈ ಸಲ ಯಾರ ಕೈಲಿ ಅದೆ?"

"ನನ್ನ ಕೈಲಿ," ಎಂದು ವಿನೋದ ಮುಷ್ಟಿ ಬಿಚ್ಚಿದ. ಸದ್ದು ನಿಂತಿತು.

"ಆವತ್ತು ಕಾರೊಳಗೆ ಕೂತು ನಕ್ಕವ ನೀನೇ ಅಲ್ದಾ, ತಮ್ಮ? ಗಾಜು ಏರ್ಸಿತ್ತು. ಆದ್ರೂ ಕೇಳಿತ್ತು ನಂಗೆ."

ವಿನೋದ ಮಶಿನ್ನನ್ನು ಒಡೆದ ಪೊಟ್ಟಣಕ್ಕೆ ವಾಪಸ್ ಹಾಕಿದ.

"ನಾಟಕ ಸಾಕು," ಎಂದ ತ್ರ್ಯಂಬಕ. ಕೂಗುವುದನ್ನು ಅವನು ಮರೆತಿದ್ದ. ಈಗ ದನಿ ಸಣ್ಣದಾಗಿತ್ತು. "ರೇಖಾ, ನಿನ್ನ ಅವ್ವಿಗೆ ನೀನೇ ಹಾಕು. ನಾಳೆಯಿಂದ ಫ್ಯಾಕ್ಟರಿಗೆ ಬರೂದು ಬೇಕಾ ಬೇಡ್ವಾ, ನೋಡ್ಕ."

ರೇಖಾ ಮಶಿನ್ ತೆಗೆದುಕೊಂಡು ಬಂದು ತಾಯಿಯ ಪಕ್ಕ ಮಂಡಿಯೂರಿದಳು. "ಅವ್ವೀ, ಒಂದು ಫೋಟೋ ಅಷ್ಟೇ. ಅವ್ರು ಹೋದ ಮೇಲೆ ತೆಗ್ದು ಬಾವಿಗೆ ಬಿಸಾಕು."

"ಬಾವಿ ನೀರು ಕುಡೀಬೇಕಲೇ."

"ಅವ್ವೀ, ನಗಾಡ್ಬೇಡ. ನಿನ್ನ ಕಾಲ್ ಹಿಡೀತೆ."

"ಹಿಡಿ. ಒಂದೇ ಅದೆ."

ರೇಖಾ ತಾಯಿಯ ಕಿವಿಯ ಮೇಲಿನ ಕೂದಲು ಸರಿಸಿದಳು. ಬಂಗಾರಿ ಆ ಕೈಯನ್ನು ಹಿಡಿದು, ಬೆರಳು ಬಿಡಿಸಿ, ಮಶಿನ್ ತೆಗೆದು ಜಗಲಿಯ ಅಂಚಿನಲ್ಲಿಟ್ಟಳು. ಮಗಳ ಅಂಗೈಯಲ್ಲಿ ಐಸಿನಿಂದಾದ ಬಿಳಿ ಬಿರುಕುಗಳನ್ನು ಸ್ವಲ್ಪ ಹೊತ್ತು ನೋಡಿದಳು. ನಾಳೆ ಈ ಕೈಗೂ ಕೆಲಸವಿಲ್ಲ. ಅದು ಅವಳಿಗೆ ಗೊತ್ತಿತ್ತು. ಕೈ ಬಿಟ್ಟು ಮತ್ತೆ ಬಲೆ ಎತ್ತಿಕೊಂಡಳು.

"ಹಾಕ್ದೇ ಇದ್ರೂ ಅಡ್ಡಿಲ್ಲ," ಎಂದ ತ್ರ್ಯಂಬಕ. "ಮಶಿನ್ ಪಕ್ಕದಲ್ಲೇ ಅದೆ. ಮೊಗ ಕಂಡ್ರೆ ಸಾಕು. ತೆಗಿಯೋ ಫೋಟೋ."

ಫೋಟೋದವನು ಅಂಗಳದಲ್ಲಿ ಒಂದು ಮೊಣಕಾಲೂರಿ ಕ್ಯಾಮೆರಾ ಎತ್ತಿದ. "ಅಮ್ಮಾ, ಇತ್ಲಾಗೆ ತಿರುಗಿ."

ಬಂಗಾರಿಯ ಕತ್ತು ನೆಟ್ಟಗಿತ್ತು, ತಲೆಯ ಮೇಲೆ ತುಂಬಿದ ಬುಟ್ಟಿ ಇದ್ದ ಹಾಗೆ.

"ಬಂಗಾರೀ, ತಿರುಗು ಅಂದೆ! ಕೇಳ್ತಾ ಇಲ್ವಾ?" ತ್ರ್ಯಂಬಕ ಅರಚಿದ.

"ಕೇಳ್ತು," ಎಂದಳು. "ತಿರುಗೂದಿಲ್ಲ."